ಹೂಜಿಯ ನೀರು ಮತ್ತು ಕಿಟಕಿಯಿಲ್ಲದ ಮನೆ

ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ನಮ್ಮ ಶಾಲೆಯ ವಿಜ್ಞಾನದ ಕೊಠಡಿಯಲ್ಲಿ, ಕಿಟಕಿಯ ಪಕ್ಕದ ಮರದ ಸ್ಟೂಲಿನ ಮೇಲೆ ಒಂದು ಮಣ್ಣಿನ ಹೂಜಿ ಇರುತ್ತಿತ್ತು. ಆವೀಕರಣದ ಪಾಠ ಬಂದಾಗ ನಾನು ಬೇರಾವ ಉಪಕರಣವನ್ನೂ ತರುತ್ತಿರಲಿಲ್ಲ. ಹೂಜಿಯ ಹೊರಮೈಯನ್ನು ಒಬ್ಬ ಹುಡುಗನಿಂದ ಮುಟ್ಟಿಸಿ, "ಒದ್ದೆ ಯಾಕಿದೆ? ನೀರು ತಣ್ಣಗೆ ಯಾಕಿದೆ?" ಎಂದು ಕೇಳಿದರೆ ಅರ್ಧ ಪಾಠ ಮುಗಿದಂತೆಯೇ. ನೀರು ಆವಿಯಾಗುವಾಗ ಶಾಖವನ್ನು ತನ್ನೊಡನೆ ಕೊಂಡೊಯ್ಯುತ್ತದೆ, ಅದಕ್ಕೆ ಗುಪ್ತೋಷ್ಣವೆಂದು ಹೆಸರು. ಮೂವತ್ತಕ್ಕೂ ಹೆಚ್ಚು ವರ್ಷ ಇದನ್ನೇ ಹೇಳಿದೆ. ಆ ಹೂಜಿಗೆ ನೀರು ಎಲ್ಲಿಂದ ಬರುತ್ತದೆ ಎಂದು ಮಾತ್ರ ಒಂದು ದಿನವೂ ಪಾಠದಲ್ಲಿ ಕೇಳಲಿಲ್ಲ. ನಮ್ಮದು ಚಳ್ಳಕೆರೆಯ ಕಡೆ, ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲೊಂದು. ಅಟೆಂಡರ್ ಒಂದು ಮೈಲಿ ದೂರದ ಕೈಪಂಪಿನಿಂದ ಬಿಂದಿಗೆಯಲ್ಲಿ ಹೊತ್ತು ತಂದು ಅದನ್ನು ತುಂಬುತ್ತಿದ್ದ. ಅದು ಪಾಠಕ್ಕೆ ಸಂಬಂಧಿಸಿದ್ದೆಂದು ನನಗೆ ತೋರಿರಲಿಲ್ಲ.

ಇದೆಲ್ಲ ಈಗೇಕೆ ನೆನಪಾಯಿತೆಂದರೆ, ಅದಕ್ಕೊಂದು ಕಾರಣವಿದೆ. 2024ರ ಮಾರ್ಚ್ ತಿಂಗಳಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿನ ಮಗಳ ಮನೆಯಲ್ಲಿದ್ದೆ. ಆ ಬೇಸಿಗೆಯನ್ನು ಬೆಂಗಳೂರಿನವರು ಮರೆತಿರಲಾರರು. ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಿಂದ ಕಾರು ತೊಳೆದರೆ, ಕೈತೋಟಕ್ಕೆ ಹಾಯಿಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆಜ್ಞೆ ಹೊರಡಿಸಿತ್ತು. ಮಗಳ ಅಪಾರ್ಟ್‌ಮೆಂಟಿನಲ್ಲಿ ಬೆಳಿಗ್ಗೆ ಎರಡು ಗಂಟೆ, ಸಂಜೆ ಒಂದು ಗಂಟೆ ನೀರು. ಟ್ಯಾಂಕರ್ ಬಂದರೆ ಮಕ್ಕಳು ಬಾಲ್ಕನಿಗೆ ಓಡಿ ನೋಡುತ್ತಿದ್ದರು, ನಾವು ಚಿಕ್ಕವರಿದ್ದಾಗ ಜಾತ್ರೆಯ ತೇರನ್ನು ನೋಡಿದಂತೆ.

ಆ ದಿನಗಳಲ್ಲೇ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನೋಡಲು ಬಂದಳು. ಹೆಸರು ಬರೆದರೆ ಅವಳಿಗೆ ಸಂಕೋಚವಾದೀತು. ಅವಳ ತಂಡದವರಿಗೆಲ್ಲ ಗೊತ್ತಾಗುತ್ತದೆ ಬಿಡಿ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ಈಗ ದೊಡ್ಡ ಕಟ್ಟಡಗಳ ತಂಪಾಗಿಸುವ ವ್ಯವಸ್ಥೆಯನ್ನು ವಿನ್ಯಾಸ ಮಾಡುವ ಕೆಲಸದಲ್ಲಿದ್ದಾಳೆ. "ಸರ್, ನಿಮ್ಮ ಹೂಜಿಯಿಂದಲೇ ನನ್ನ ಸಂಬಳ ಬರ್ತಿದೆ. ಬನ್ನಿ ತೋರಿಸ್ತೀನಿ" ಎಂದಳು. ಗುರುವಿಗೆ ಇದಕ್ಕಿಂತ ದೊಡ್ಡ ದಕ್ಷಿಣೆ ಯಾವುದಿದೆ? ಕಣ್ಣಿಗೆ ಕಪ್ಪು ಕನ್ನಡಕವಿಟ್ಟುಕೊಂಡೇ ಹೊರಟೆ.

ಅವಳು ಕರೆದೊಯ್ದದ್ದು ಊರಾಚೆಯ ಒಂದು ಡೇಟಾ ಸೆಂಟರ್‌ಗೆ. ಯಾರದೆಂದು ಬರೆಯುವುದಿಲ್ಲ. ದತ್ತಾಂಶ ಕೇಂದ್ರವೆಂದು ಪತ್ರಿಕೆಗಳು ಬರೆಯುತ್ತವೆ. ನನಗೆ ಕಣಜವೆನ್ನುವುದು ಹೆಚ್ಚು ಒಪ್ಪುತ್ತದೆ. ನಾವು ಮೊಬೈಲಿನಲ್ಲಿ ತೆಗೆದ ಫೋಟೋ, ಬ್ಯಾಂಕಿನ ಲೆಕ್ಕ, ರೈಲ್ವೆ ಟಿಕೆಟ್ಟು, ನಾನು ಬರೆಯುತ್ತಿರುವ ಈ ಸಾಲು, ಎಲ್ಲವೂ ಕಡೆಗೆ ಹೋಗಿ ಕೂರುವುದು ಇಂಥದೊಂದು ಕಣಜದಲ್ಲಿ. ವ್ಯತ್ಯಾಸವಿಷ್ಟೆ: ಜೋಳದ ಕಣಜ ಸುಮ್ಮನಿರುತ್ತದೆ, ಇದು ಹಗಲಿರುಳು ಕಾಯುತ್ತದೆ. ಗಣಕಗಳಿಗೆ ಹೋದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬರಬೇಕು. ಶಕ್ತಿ ನಿತ್ಯತೆಯ ನಿಯಮಕ್ಕೆ ಕಂಪ್ಯೂಟರೆಂದು ವಿನಾಯಿತಿಯಿಲ್ಲವಲ್ಲ!

ಕಟ್ಟಡಕ್ಕೆ ಕಿಟಕಿಗಳೇ ಇಲ್ಲ. ಹೊರಗಿನಿಂದ ಸರ್ಕಾರಿ ಉಗ್ರಾಣದಂತೆ, ಒಳಗೆ ಆಸ್ಪತ್ರೆಯಂತೆ. ಗಣಕಗಳ ಕಪಾಟುಗಳನ್ನು ಬೆನ್ನಿಗೆ ಬೆನ್ನು, ಮುಖಕ್ಕೆ ಮುಖ ಮಾಡಿ ನಿಲ್ಲಿಸಿದ್ದಾರೆ. ಮುಖಗಳ ನಡುವಿನದು ತಣ್ಣನೆಯ ಓಣಿ, ಬೆನ್ನುಗಳ ನಡುವಿನದು ಬಿಸಿ ಓಣಿ. ತಣ್ಣನೆಯ ಓಣಿಯ ಗಾಳಿಯನ್ನು ಹೀರಿಕೊಂಡ ಗಣಕ ಬಿಸಿ ಓಣಿಗೆ ಉಸಿರು ಬಿಡುತ್ತದೆ. ಎರಡೂ ಗಾಳಿ ಬೆರೆಯದಂತೆ ಗಾಜಿನ ಬಾಗಿಲು, ಬಿಸಿಗಾಳಿಗೆ ಮೇಲೆ ಪ್ರತ್ಯೇಕ ದಾರಿ. ನೋಡುತ್ತಿದ್ದಂತೆ ನಮ್ಮ ಕಡೆಯ ಮಾಳಿಗೆ ಮನೆಯ ಗವಾಕ್ಷಿ ನೆನಪಾಯಿತು. ಒಲೆಯ ಬಿಸಿಯೂ ಹೊಗೆಯೂ ತಾನಾಗಿ ಮೇಲೇರಿ ಹೋಗಲೆಂದು ಅಜ್ಜಂದಿರು ಇಟ್ಟ ಕಿಂಡಿ ಅದು. ಇಲ್ಲಿ ಅದೇ ಕೆಲಸಕ್ಕೆ ಆಳೆತ್ತರದ ಫ್ಯಾನುಗಳು.

ಮಹಡಿಯ ಮೇಲೆ ನನ್ನ ಹೂಜಿ ಇತ್ತು! ಅಂದರೆ ಕೂಲಿಂಗ್ ಟವರ್. ಬಿಸಿಯಾದ ನೀರನ್ನು ಮೇಲಿನಿಂದ ಸುರಿಸಿ, ಅಡ್ಡಲಾಗಿ ಗಾಳಿ ಹಾಯಿಸುತ್ತಾರೆ. ಸ್ವಲ್ಪ ಭಾಗ ಆವಿಯಾಗಿ ಉಳಿದದ್ದು ತಣ್ಣಗಾಗುತ್ತದೆ. ಅವಳು ಹೆಮ್ಮೆಯಿಂದ ಒಂದು ಸಂಖ್ಯೆಯನ್ನು ಹೇಳಿದಳು. ಪಿಯುಇ ಎನ್ನುತ್ತಾರೆ. ಕಟ್ಟಡಕ್ಕೆ ಬಂದ ಒಟ್ಟು ವಿದ್ಯುತ್ತನ್ನು ಗಣಕಗಳು ಮಾತ್ರ ಬಳಸಿದ ವಿದ್ಯುತ್ತಿನಿಂದ ಭಾಗಿಸಿದರೆ ಸಿಗುವ ಭಾಗಲಬ್ಧ. ಒಂದು ಬಂದರೆ ನೂರಕ್ಕೆ ನೂರು. 2007ರಲ್ಲಿ ಗ್ರೀನ್ ಗ್ರಿಡ್ ಎಂಬ ಒಕ್ಕೂಟ ಬಳಕೆಗೆ ತಂದ ಅಳತೆ ಇದು. ಅಪ್‌ಟೈಮ್ ಇನ್‌ಸ್ಟಿಟ್ಯೂಟಿನ 2024ರ ಸಮೀಕ್ಷೆಯಲ್ಲಿ ಲೋಕದ ಸರಾಸರಿ 1.56, ಗೂಗಲ್ ತನ್ನ ಕೇಂದ್ರಗಳ ಸರಾಸರಿ 1.1ರ ಆಸುಪಾಸೆಂದು ಹೇಳಿಕೊಳ್ಳುತ್ತದೆ. ಫೇಸ್‌ಬುಕ್ ಕಂಪನಿ 2011ರಲ್ಲಿ ಅಮೆರಿಕದ ಆರೆಗನ್ ರಾಜ್ಯದ ಪ್ರೈನ್‌ವಿಲ್ ಎಂಬ ಒಣಸೀಮೆಯಲ್ಲಿ ಕಟ್ಟಿದ ಕೇಂದ್ರದಲ್ಲಿ ಶೀತಲೀಕರಣದ ಯಂತ್ರವನ್ನೇ ಇಡದೆ, ಹೊರಗಿನ ಗಾಳಿಯನ್ನು ಶೋಧಿಸಿ, ಅದಕ್ಕೆ ನೀರಿನ ತುಂತುರು ಹಾಯಿಸಿ ಒಳಗೆ ಬಿಟ್ಟು 1.07ನ್ನು ಸಾಧಿಸಿತು. ಅದೂ ಹೂಜಿಯ ವಿದ್ಯೆಯೇ.

ನಾನು ಮೆಚ್ಚಿದೆ. ಮೆಚ್ಚುವಂಥದ್ದೇ. ಹೊರಗೆ ಬರುವಾಗ ಗೇಟಿನ ಬಳಿ ನಾಲ್ಕು ನೀರಿನ ಟ್ಯಾಂಕರುಗಳು ಸಾಲಾಗಿ ನಿಂತಿದ್ದವು. ಮಗಳ ಮನೆಗೆ ಬರುತ್ತಿದ್ದ ಬಣ್ಣದವೇ.

"ಇವು ಯಾಕಮ್ಮಾ?" ಎಂದೆ.

"ಬೇಸಿಗೆ ಅಲ್ವಾ ಸರ್, ಟವರ್‌ಗೆ" ಎಂದಳು. ಸ್ವಲ್ಪ ತಡೆದು, "ಈ ವರ್ಷ ಮಾತ್ರ" ಎಂದು ಸೇರಿಸಿದಳು.

ಮನೆಗೆ ಬಂದು ರಾತ್ರಿ ನಿದ್ದೆ ಬರಲಿಲ್ಲ. ಆಸ್ಪತ್ರೆಯ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಹಾಕತೊಡಗಿದೆ. ಹಳೆಯ ಚಾಳಿ. ಒಂದು ಯೂನಿಟ್ ವಿದ್ಯುತ್ತೆಂದರೆ 3,600 ಕಿಲೋಜೂಲ್. ಸಾಧಾರಣ ಉಷ್ಣತೆಯಲ್ಲಿ ಒಂದು ಕಿಲೋಗ್ರಾಂ ನೀರು ಆವಿಯಾಗಲು ಸುಮಾರು 2,430 ಕಿಲೋಜೂಲ್ ಬೇಕು. ಭಾಗಿಸಿದರೆ ಒಂದು ಯೂನಿಟ್ಟಿಗೆ ಹೆಚ್ಚು ಕಡಿಮೆ ಒಂದೂವರೆ ಲೀಟರ್ ನೀರು. ಹತ್ತು ಮೆಗಾವ್ಯಾಟಿನ ಕೇಂದ್ರವೆಂದುಕೊಳ್ಳಿ. ಈಗಿನ ಕಾಲಕ್ಕೆ ಅದು ದೊಡ್ಡದೇನಲ್ಲ. ದಿನಕ್ಕೆ 2,40,000 ಯೂನಿಟ್. ಆ ಶಾಖವನ್ನೆಲ್ಲ ಹೂಜಿಯ ವಿದ್ಯೆಯಿಂದಲೇ ಹೊರಹಾಕುವುದಾದರೆ 3,60,000 ಲೀಟರ್ ನೀರು ಪ್ರತಿದಿನ ಆವಿಯಾಗಿ ಆಕಾಶಕ್ಕೆ ಹೋಗಬೇಕು. ಟವರಿನಲ್ಲಿ ಲವಣ ಗಟ್ಟಿಯಾಗದಂತೆ ಆಗಾಗ ಹೊರಚೆಲ್ಲುವ ನೀರು ಇದರಲ್ಲಿ ಸೇರಿಲ್ಲ. ನಗರದ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ಬೇಕೆಂಬುದು ನಮ್ಮ ಸರ್ಕಾರದ ಮಾನದಂಡ. ಎರಡೂವರೆ ಸಾವಿರಕ್ಕೂ ಹೆಚ್ಚು ಜನರ ನೀರು ಅದು. ಆರು ಸಾವಿರ ಲೀಟರಿನ ಟ್ಯಾಂಕರುಗಳಾದರೆ ಅರವತ್ತು.

ಎಲ್ಲ ಕೇಂದ್ರಗಳೂ ವರ್ಷವಿಡೀ ಹೀಗೆ ಮಾಡುವುದಿಲ್ಲ, ಬೆಂಗಳೂರಿನ ರಾತ್ರಿಗಳು ತಂಪಾಗಿರುತ್ತವೆ, ಗಾಳಿಯಿಂದಲೇ ಎಷ್ಟೋ ಕೆಲಸ ನಡೆಯುತ್ತದೆ ಎಂಬುದನ್ನು ಬಲ್ಲೆ. ಇದು ಮೇಲ್ಮಿತಿಯ ಲೆಕ್ಕ. ಆದರೂ ಚೀಟಿಯನ್ನು ಮರುದಿನ ಅವಳಿಗೆ ಓದಿ ಹೇಳಿದೆ.

ಅವಳು ಸುಮ್ಮನೆ ಕೇಳಿಸಿಕೊಳ್ಳಲಿಲ್ಲ. ಸಂತೋಷವಾಯಿತು. "ಸರ್, ನೀರು ಬಿಟ್ಟು ಬರೀ ಗಾಳಿಯಿಂದ ತಂಪು ಮಾಡಿದ್ರೆ ಕರೆಂಟ್ ಜಾಸ್ತಿ ಬೇಕು. ಆ ಕರೆಂಟ್ ರಾಯಚೂರಿಂದ ಬಂದ್ರೆ ಅಲ್ಲೂ ನೀರು ಆವಿ ಆಗುತ್ತಲ್ವಾ? ನೀವು ಅದನ್ನ ಲೆಕ್ಕಕ್ಕೆ ತಗೊಂಡಿಲ್ಲ" ಎಂದಳು. ಉತ್ತರಪತ್ರಿಕೆಯಲ್ಲಿ ನಾನೇ ಅಂಕ ಕಳೆದುಕೊಂಡ ಹಾಗಾಯಿತು. ಹೌದು, ಕಲ್ಲಿದ್ದಲಿನ ಸ್ಥಾವರಕ್ಕೂ ಟವರ್ ಇದೆ. ಅಂಥ ಹಳೆಯ ಸ್ಥಾವರಗಳು ಯೂನಿಟ್ಟಿಗೆ 3.5 ಲೀಟರಿಗಿಂತ ಹೆಚ್ಚು ನೀರು ಬಳಸಬಾರದೆಂದು ಕೇಂದ್ರ ಪರಿಸರ ಸಚಿವಾಲಯ 2015ರಲ್ಲಿ ಅಧಿಸೂಚನೆ ಹೊರಡಿಸಿದೆ. ಮತ್ತೆ ಚೀಟಿ ಹಿಡಿದೆ. ಒಣ ವಿಧಾನಕ್ಕೆ ಯೂನಿಟ್ಟಿಗೆ ಕಾಲು ಯೂನಿಟ್ ಹೆಚ್ಚು ಖರ್ಚೆಂದು ಇಟ್ಟುಕೊಂಡರೆ ರಾಯಚೂರಿನಲ್ಲಿ ಹೋಗುವ ನೀರು ಮುಕ್ಕಾಲು ಲೀಟರಿಗಿಂತ ತುಸು ಹೆಚ್ಚು. ಇಲ್ಲಿ ಉಳಿಯುವುದು ಒಂದೂವರೆ. ಅವಳ ವಾದ ಪೂರ್ತಿ ಗೆಲ್ಲದಿದ್ದರೂ ಅರ್ಧದಷ್ಟು ಗೆದ್ದಿತು. ಅದೇ ವಿದ್ಯುತ್ತು ಪಾವಗಡದ ಸೌರ ಫಲಕಗಳಿಂದ ಬಂದದ್ದಾದರೆ ಸೋಲುತ್ತದೆ. ಆದರೆ ಸೂರ್ಯ ಸಂಜೆಗೆ ಮುಳುಗುತ್ತಾನೆ, ಕಣಜ ರಾತ್ರಿಯೂ ಕಾಯುತ್ತದೆ ಎಂದು ಅವಳು ಮತ್ತೆ ನೆನಪಿಸಿದಳು!

ಇಷ್ಟಾದ ಮೇಲೂ ನನ್ನ ಮನಸ್ಸಿನಲ್ಲಿ ಒಂದು ಮಾತು ಉಳಿಯಿತು. ರಾಯಚೂರಿನ ಸ್ಥಾವರ ಕೃಷ್ಣೆಯ ದಂಡೆಯಲ್ಲಿ ಕುಳಿತಿದೆ. ಬೆಂಗಳೂರಿಗೆ ನದಿಯಿಲ್ಲ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಊರಿಗೆ ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಐನೂರು ಮೀಟರಿನಷ್ಟು ಮೇಲಕ್ಕೆ ಪಂಪ್ ಮಾಡಿ ತರುತ್ತೇವೆ. 2024ರ ಅಕ್ಟೋಬರಿನಲ್ಲಿ ಐದನೆಯ ಹಂತ ಉದ್ಘಾಟನೆಯಾಗಿ ದಿನಕ್ಕೆ 775 ದಶಲಕ್ಷ ಲೀಟರ್ ಸೇರುವಂತಾಯಿತು, ನಿಜ. ಅಷ್ಟು ಕಷ್ಟಪಟ್ಟು ಹತ್ತಿಸಿದ ನೀರನ್ನು ಮಹಡಿಯ ಮೇಲಿಂದ ಆವಿಯಾಗಿಸುವುದನ್ನು ನೆನೆದರೆ, ನನಗೆ ಬಿಂದಿಗೆ ಹೊತ್ತು ತರುತ್ತಿದ್ದ ಅಟೆಂಡರನ ಹೆಗಲು ಕಣ್ಣ ಮುಂದೆ ಬರುತ್ತದೆ.

ಇಲ್ಲೊಂದು ವಿಚಿತ್ರವಿದೆ. ಹೂಜಿ ಚೆನ್ನಾಗಿ ತಣ್ಣಗಾಗುವುದು ಒಣ ಗಾಳಿಯಲ್ಲಿ. ಮಂಗಳೂರಿನ ಮಾವನ ಮನೆಯಲ್ಲಿ ಅದೇ ಹೂಜಿ ಇಟ್ಟರೆ ನೀರು ಬೆಚ್ಚಗೇ ಇರುತ್ತದೆ, ಗಾಳಿಯೇ ತೇವವಾದ್ದರಿಂದ. ಅಂದರೆ ಈ ವಿದ್ಯೆ ಎಲ್ಲಿ ಸೊಗಸಾಗಿ ಫಲಿಸುತ್ತದೆಯೋ ಅಲ್ಲಿಯೇ ನೀರಿಗೆ ಬರ. ನೀರು ಹೇರಳವಾಗಿರುವಲ್ಲಿ ಈ ವಿದ್ಯೆ ನಡೆಯದು. ಪಿಯುಇ ಎಂಬ ಒಂದೇ ಸಂಖ್ಯೆಯನ್ನು ಹಿಡಿದು ಕಟ್ಟಡ ಕಟ್ಟುವವನನ್ನು ಆ ಸಂಖ್ಯೆ ಮೆಲ್ಲಗೆ ಒಣಸೀಮೆಯ ಕಡೆಗೇ ತಳ್ಳುತ್ತದೆ, ಅಲ್ಲಿನ ನೀರನ್ನೇ ಕೇಳುತ್ತದೆ. ಯೂನಿಟ್ಟಿಗೆ ಎಷ್ಟು ಲೀಟರ್ ಎಂಬ ಇನ್ನೊಂದು ಅಳತೆಯನ್ನು ಅದೇ ಗ್ರೀನ್ ಗ್ರಿಡ್‌ನವರು 2011ರಲ್ಲಿ ಸೂಚಿಸಿದ್ದಾರೆ. ಅದು ಫಲಕಗಳ ಮೇಲೆ ಕಾಣುವುದು ಅಪರೂಪ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದ ವಿಷಯವನ್ನು ಮಾತ್ರ ಮನೆಯಲ್ಲಿ ಹೇಳುವ ಹುಡುಗರನ್ನು ನಾನು ಬಹಳ ಕಂಡಿದ್ದೇನೆ.

ಅವಳೇ ಮುಂದೊಂದು ದಿನ ಫಿನ್ಲೆಂಡಿನ ಹಮಿನಾ ಎಂಬ ಊರಿನ ವಿಡಿಯೋ ಕಳಿಸಿದಳು. "ಇದು ನಿಮಗೆ ಇಷ್ಟ ಆಗುತ್ತೆ ಸರ್" ಎಂದು ಬರೆದಿದ್ದಳು. ನಿಜಕ್ಕೂ ಇಷ್ಟವಾಯಿತು. ಹೆಲ್ಸಿಂಕಿಯಿಂದ ಪೂರ್ವಕ್ಕೆ ಸುಮಾರು 150 ಕಿಲೋಮೀಟರ್, ಸಮುದ್ರದ ಅಂಚಿನ ಊರು. ಅಲ್ಲಿ 1950ರ ದಶಕದಲ್ಲಿ ಆರಂಭವಾದ ಸುಮ್ಮಾ ಎಂಬ ಕಾಗದದ ಗಿರಣಿಯಿತ್ತು. ಆ ಕಟ್ಟಡಗಳ ಒಂದು ಭಾಗ ಆಲ್ವಾರ್ ಆಲ್ಟೊ ಎಂಬ ಜಗದ್ವಿಖ್ಯಾತ ವಾಸ್ತುಶಿಲ್ಪಿಯ ವಿನ್ಯಾಸ. 2008ರಲ್ಲಿ ಗಿರಣಿ ಮುಚ್ಚಿತು. 2009ರಲ್ಲಿ ಗೂಗಲ್ ಅದನ್ನು ಕೊಂಡು, ಕೆಡವದೆ, 2011ರ ಹೊತ್ತಿಗೆ ಡೇಟಾ ಸೆಂಟರ್ ಆಗಿ ಪರಿವರ್ತಿಸಿತು. ಜೀವನವಿಡೀ ಕಾಗದವನ್ನೇ ತಿದ್ದಿದ ನನಗೆ, ಕಾಗದದ ಮನೆ ಕಾಗದವನ್ನು ಕೊಂದ ಯಂತ್ರಗಳ ಮನೆಯಾದ ಕಥೆ ಓದಿ ನಗು ಬಂತು, ಒಂದಿಷ್ಟು ಸಂಕಟವೂ ಆಯಿತು.

ಅಲ್ಲಿನ ಜಾಣ್ಮೆ ಇರುವುದು ನೆಲದ ಕೆಳಗೆ. ಗಿರಣಿಯ ಕಾಲದಲ್ಲೇ ಸಮುದ್ರದ ನೀರನ್ನು ತರಲು ಗ್ರಾನೈಟ್ ಬಂಡೆಯನ್ನು ಕೊರೆದು ಸುರಂಗ ಮಾಡಿದ್ದರು. ಅದೇ ಸುರಂಗದಲ್ಲಿ ಫಿನ್ಲೆಂಡ್ ಕೊಲ್ಲಿಯ ತಣ್ಣೀರು ಈಗಲೂ ಬರುತ್ತದೆ. ಉಪ್ಪುನೀರು ಗಣಕಗಳ ಹತ್ತಿರ ಸುಳಿಯುವುದಿಲ್ಲ. ಅದು ಒಂದು ಕೊಳವೆಯಲ್ಲಿ, ಒಳಗಿನ ಸಿಹಿನೀರು ಮತ್ತೊಂದರಲ್ಲಿ. ನಡುವೆ ತೆಳುವಾದ ಲೋಹದ ಗೋಡೆ ಶಾಖವನ್ನಷ್ಟೇ ದಾಟಿಸುತ್ತದೆ. ಬಿಸಿಯಾದ ಸಮುದ್ರದ ನೀರನ್ನು ಹಾಗೆಯೇ ಚೆಲ್ಲದೆ, ಹೊಸ ತಣ್ಣೀರಿನೊಡನೆ ಬೆರೆಸಿ, ಬಂದ ಉಷ್ಣತೆಗೆ ಆದಷ್ಟು ಹತ್ತಿರ ತಂದು ಮರಳಿ ಕಡಲಿಗೆ ಬಿಡುತ್ತಾರೆ, ಮೀನುಗಳಿಗೆ ತೊಂದರೆಯಾಗದಿರಲೆಂದು. ಒಂದು ಹನಿಯನ್ನೂ ಆವಿಯಾಗಿಸಬೇಕಿಲ್ಲ. ಜೊತೆಗೆ 2024ರಲ್ಲಿ ಇನ್ನೊಂದು ಯೋಜನೆ ಪ್ರಕಟವಾಯಿತು. ಗಣಕಗಳ ಶಾಖವನ್ನು ಊರಿನ ಮನೆಗಳನ್ನು ಬೆಚ್ಚಗಿಡುವ ಕೊಳವೆಜಾಲಕ್ಕೆ ಕೊಡುವುದು, ಆ ಜಾಲದ ವಾರ್ಷಿಕ ಬೇಡಿಕೆಯ ಶೇಕಡಾ 80ರವರೆಗೆ ಪೂರೈಸುವುದು. ಬಚ್ಚಲೊಲೆಯ ಬಿಸಿಯಲ್ಲೇ ಪಕ್ಕದ ಕೋಣೆಯ ಬಾಣಂತಿಯನ್ನೂ ಬೆಚ್ಚಗಿಟ್ಟಂತೆ!

ಇದನ್ನು ನೋಡಿದ ನಮ್ಮವರು ಯಾರಾದರೂ "ಹಮಿನಾ ಮಾದರಿಯನ್ನು ಬೆಂಗಳೂರಿಗೆ ತರೋಣ" ಎಂದಾರೆಂಬ ಭಯ ನನಗಿದೆ. ಬೆಂಗಳೂರಿನಲ್ಲಿ ಬಿಸಿನೀರನ್ನು ಬೀದಿಬೀದಿಗೆ ಕೊಟ್ಟರೆ ಮೇ ತಿಂಗಳಲ್ಲಿ ಯಾರು ಕೊಳ್ಳುತ್ತಾರೆ? ಹಮಿನಾದಿಂದ ತರಬೇಕಾದದ್ದು ಸುರಂಗವನ್ನಲ್ಲ, ಕಟ್ಟುವ ಮುನ್ನ ನೆಲವನ್ನು ಕೇಳುವ ಪದ್ಧತಿಯನ್ನು. ಇಲ್ಲಿ ಏನಿದೆ, ಏನು ಹೆಚ್ಚಾಗಿ ವ್ಯರ್ಥವಾಗುತ್ತಿದೆ ಎಂದು ಅವರು ನೋಡಿದರು. ಹಳೆಯ ಗೋಡೆ, ಹಳೆಯ ಸುರಂಗ, ತಣ್ಣನೆಯ ಕಡಲು, ಚಳಿಯಲ್ಲಿ ನಡುಗುವ ಮನೆಗಳು ಸಿಕ್ಕವು.

ಬೆಂಗಳೂರಿನಲ್ಲಿ ವ್ಯರ್ಥವಾಗುವುದು ಕೊಳಚೆನೀರು. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಕಳಿಸುತ್ತಿದ್ದೇವೆ. ಅದರ ಸಂಸ್ಕರಣೆ ಸಾಕೇ ಎಂಬ ವಾದ ಬೇರೆ, ಅದು ಇಲ್ಲಿ ಬೇಡ. ಕೂಲಿಂಗ್ ಟವರಿಗಂತೂ ಕಾವೇರಿಯೂ ಬೇಡ, ಕೊಳವೆಬಾವಿಯೂ ಬೇಡ, ಸಂಸ್ಕರಿಸಿದ ನೀರು ಸಾಕು. ಅದಕ್ಕೆ ಬೇರೆ ಕೊಳವೆ, ಬೇರೆ ಶೋಧಕ, ನಕ್ಷೆಯಲ್ಲೇ ಜಾಗ ಬೇಕು. ಕಟ್ಟಿದ ಮೇಲೆ ನೆನಪಾದರೆ ಟ್ಯಾಂಕರೇ ಗತಿ. ಇಲ್ಲವೆ ನೀರನ್ನು ಆವಿಯಾಗಲು ಬಿಡದೆ ಮುಚ್ಚಿದ ಕೊಳವೆಯಲ್ಲೇ ಸುತ್ತಿಸುವ ವಿಧಾನವಿದೆ. ಹಾಗೆ ತಂಪಿಗಾಗಿ ನೀರನ್ನು ಆವಿಯಾಗಿಸದ ವಿನ್ಯಾಸವನ್ನು ಮೈಕ್ರೋಸಾಫ್ಟ್ 2024ರಲ್ಲಿ ಪ್ರಕಟಿಸಿತು. ವಿದ್ಯುತ್ತು ತುಸು ಹೆಚ್ಚು ಬೇಕಾದೀತು, ಪಿಯುಇ ತುಸು ಹೆಚ್ಚಾದೀತು. ಹೆಚ್ಚಾಗಲಿ. ಕೋಣೆಯನ್ನು ಚಳಿಗಾಲ ಮಾಡಬೇಕಾಗಿಯೂ ಇಲ್ಲ. ಗಣಕಗಳಿಗೆ ಕೊಡುವ ಗಾಳಿ 27 ಡಿಗ್ರಿಯವರೆಗೆ ಇರಬಹುದೆಂದು ಅಮೆರಿಕದ ಆಶ್ರೇ ಸಂಸ್ಥೆ 2008ರಲ್ಲಿಯೇ ಹೇಳಿದೆ. ನಾನು ನೋಡಿದ ಕಡೆ ಸ್ವೆಟರ್ ಬೇಕಿತ್ತು!

ಮತ್ತೊಂದು ಮಾತು. ನೀರಿನ ಲೆಕ್ಕ ಊರಿಗೆ ತಿಳಿಯಬೇಕು. ಆರೆಗನ್ ರಾಜ್ಯದ ದ ಡ್ಯಾಲ್ಸ್ ಎಂಬ ಸಣ್ಣ ಊರಿನಲ್ಲಿ ಗೂಗಲ್ ಕೇಂದ್ರಗಳು ಎಷ್ಟು ನೀರು ಬಳಸುತ್ತವೆಂದು ಪತ್ರಿಕೆಯೊಂದು ಕೇಳಿದಾಗ ಊರಿನ ಆಡಳಿತ ಅದು ವ್ಯಾಪಾರದ ಗುಟ್ಟೆಂದು ಕೋರ್ಟಿನ ಮೆಟ್ಟಿಲೇರಿತು. 2022ರ ಕೊನೆಯಲ್ಲಿ ಲೆಕ್ಕ ಹೊರಬಂತು: 2021ರಲ್ಲಿ 35 ಕೋಟಿ ಗ್ಯಾಲನ್‌ಗೂ ಹೆಚ್ಚು, ಅಂದರೆ 130 ಕೋಟಿ ಲೀಟರಿಗೂ ಮೀರಿ, ಊರಿನ ಬಳಕೆಯ ಕಾಲು ಭಾಗಕ್ಕಿಂತ ಅಧಿಕ. ಚಿಲಿ ದೇಶದ ಸಾಂಟಿಯಾಗೊದಲ್ಲಿ ಜನ ಎದ್ದುನಿಂತು ಕೇಳಿದ್ದರಿಂದ, ಪರಿಸರ ನ್ಯಾಯಮಂಡಳಿ 2024ರಲ್ಲಿ ಅನುಮತಿಯನ್ನು ಭಾಗಶಃ ಹಿಂತೆಗೆದುಕೊಂಡು, ಅದೇ ಕಂಪನಿ ನೀರಿನ ಬದಲು ಗಾಳಿಯಿಂದ ತಂಪುಗೊಳಿಸುವ ವಿನ್ಯಾಸಕ್ಕೆ ಹೊಸದಾಗಿ ಹೊರಡುವುದಾಗಿ ಹೇಳಿತು. ಅಂದರೆ ಕೇಳಿದರೆ ವಿನ್ಯಾಸ ಬದಲಾಗುತ್ತದೆ. ನಮ್ಮ ರಾಜ್ಯಕ್ಕೂ 2022ರಿಂದ ಒಂದು ಡೇಟಾ ಸೆಂಟರ್ ನೀತಿ ಇದೆ. ಪ್ರತಿ ಕೇಂದ್ರದ ಗೇಟಿನ ಮೇಲೆ, ನ್ಯಾಯಬೆಲೆ ಅಂಗಡಿಯ ದಾಸ್ತಾನು ಫಲಕದಂತೆ, ತಿಂಗಳಿಗೆ ಎಷ್ಟು ಲೀಟರ್, ಎಲ್ಲಿಂದ ಎಂದು ಬರೆಸಿದರೆ ಯಾವ ಗುಟ್ಟು ರಟ್ಟಾಗುತ್ತದೆ?

ಇಷ್ಟೆಲ್ಲ ಬರೆದ ನಾನು ನಿರಪರಾಧಿಯೆಂದು ತಿಳಿಯಬೇಡಿ. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಬೆಳಗಾದರೆ ಅರವತ್ತು ಹೂವಿನ ಚಿತ್ರ, ಶುಭೋದಯ. ನಾನೂ ಕಳಿಸುತ್ತೇನೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಲೋಕದ ವಿದ್ಯುತ್ತಿನ ಸುಮಾರು ಶೇಕಡಾ ಒಂದೂವರೆ ಭಾಗ ಈ ಕಣಜಗಳಿಗೇ ಹೋಯಿತು. ಅದರಲ್ಲಿ ನನ್ನ ಹೂವೂ ಸೇರಿದೆ. ಕಣಜವೇ ಬೇಡವೆಂದು ನಾನು ಹೇಳುತ್ತಿಲ್ಲ. ಪೊರೆ ತೆಗೆದ ವೈದ್ಯರು ನನ್ನ ಕಣ್ಣಿನ ಚಿತ್ರವನ್ನು ನೋಡಿದ್ದು ಕೂಡ ಅಂಥದೊಂದರಿಂದಲೇ ಇದ್ದೀತು.

ಕಳೆದ ದೀಪಾವಳಿಗೆ ಅವಳು ಊರಿಗೆ ಬಂದಾಗ ಕೇಳಿದೆ, "ಈ ವರ್ಷ ಟ್ಯಾಂಕರ್ ಬಂತೇನಮ್ಮಾ?" ಅವಳು ಉತ್ತರ ಹೇಳಲಿಲ್ಲ. ಹೊಸದೊಂದು ಕಟ್ಟಡದ ನಕ್ಷೆ ಅವಳ ಕೈಯಲ್ಲಿದೆಯಂತೆ. ಸಂಸ್ಕರಿಸಿದ ನೀರಿನ ಕೊಳವೆಯನ್ನು ಮೊದಲ ಹಾಳೆಯಲ್ಲೇ ಎಳೆದಿದ್ದಾಳಂತೆ. ಖರ್ಚು ಹೆಚ್ಚೆಂದು ಮೇಲಿನವರು ತೆಗೆಯಲು ಹೇಳಿದ್ದಾರೆ, ಇವಳು ಇನ್ನೂ ತೆಗೆದಿಲ್ಲ. "ಆ ಚೀಟಿ ಇದ್ರೆ ಕೊಡಿ ಸರ್, ಮೀಟಿಂಗ್‌ನಲ್ಲಿ ಬೇಕಾಗುತ್ತೆ" ಎಂದಳು. ಹುಡುಕಿ ಕೊಟ್ಟೆ. ಒಂದು ಮಗ್ಗುಲಲ್ಲಿ ಕಣ್ಣಿನ ಹನಿಯ ಹೆಸರು, ಇನ್ನೊಂದು ಮಗ್ಗುಲಲ್ಲಿ 3,60,000 ಲೀಟರ್. ಮೀಟಿಂಗ್ ಇನ್ನೂ ಆಗಿಲ್ಲ.